ಕೂಡಿ ದುಡಿದ ಮಾತ್ರಕ್ಕೆ ನಮ್ಮವರಾದರೇ?

ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯಲ್ಲಿ ಕಬಿನಿ ಅಣೆಕಟ್ಟಿನ ಏರಿಯ ಮೇಲೆ ನಿಂತವರಿಗೆ ಮೊದಲು ಕಾಣುವುದು ನೀರು. ಮಳೆ ಚೆನ್ನಾಗಿ ಬಿದ್ದ ವರ್ಷಗಳಲ್ಲಿ ಸಮುದ್ರಮಟ್ಟದಿಂದ ೨೨೮೪ ಅಡಿಗಳವರೆಗೆ ತುಂಬಿ ನಿಲ್ಲುವ ಜಲಾಶಯವಿದು. ಇದರ ಸಾಮರ್ಥ್ಯ ೧೯.೫೨ ಟಿ.ಎಂ.ಸಿ. ಕೇರಳದ ವಯನಾಡಿನಲ್ಲಿ ಪನಮರಂ ಹೊಳೆಯೂ ಮಾನಂದವಾಡಿ ಹೊಳೆಯೂ ಕೂಡಿ ಕಬಿನಿಯಾಗುತ್ತವೆ. ಅದೇ ನದಿಯನ್ನು ನಂಜನಗೂಡಿನಲ್ಲಿ, ಸುತ್ತೂರಿನಲ್ಲಿ ನಮ್ಮ ಜನ ಕಪಿಲೆಯೆಂದು ಕರೆಯುತ್ತಾರೆ. ತಿರುಮಕೂಡಲಿಗೆ ಬರುವ ಹೊತ್ತಿಗೆ ಅದು ಕಾವೇರಿಯಲ್ಲಿ ಒಂದಾಗುತ್ತದೆ. ಇದು ಯಾವ ಊರಿನ ಮಳೆ, ಯಾವ ಹೊಳೆಯ ಹನಿ ಎಂದು ತೂಬು ಕೇಳುವುದಿಲ್ಲ.

ಮನುಷ್ಯರ ಮಾತು ಹಾಗಲ್ಲ. ೧೯೭೪ರಲ್ಲಿ ಪೂರ್ಣಗೊಂಡ ಇಂತಹ ಕಟ್ಟೆಯೊಂದು ಮೇಲೇಳಬೇಕಾದರೆ ನಕ್ಷೆ ಬರೆದ ಎಂಜಿನಿಯರು, ಕಲ್ಲು ಒಡೆದವನು, ಮಂಕರಿಯಲ್ಲಿ ಮಣ್ಣು ಹೊತ್ತ ತಾಯಿ, ಗಾರೆ ಕಲಸಿದವನು, ಅವರಿಗೆಲ್ಲ ಗಂಜಿ ಕಾಯಿಸಿದವಳು ಎಲ್ಲರೂ ಬೇಕು. ಹಿನ್ನೀರಿನಲ್ಲಿ ತಮ್ಮ ಹೊಲವನ್ನೂ ಮನೆಯನ್ನೂ ದೇವರ ಗುಡಿಯನ್ನೂ ಬಿಟ್ಟುಕೊಟ್ಟು ಹೊರಟವರ ಪಾಲೂ ಅದರಲ್ಲಿ ಸೇರಿದೆ. ಆದರೆ ಈ ನಾಡಿನ ಯಾವ ಅಣೆಕಟ್ಟಿನ ಶಿಲಾಫಲಕವನ್ನಾದರೂ ಓದಿ ನೋಡಿ. ಮಂಕರಿ ಹೊತ್ತವಳ ಹೆಸರು ಅಲ್ಲಿ ಸಿಗುವುದು ಅಪರೂಪ. ಕೆಲಸದಲ್ಲಿ ಎಲ್ಲರೂ ಸೇರಿದರು. ಹೆಸರಿನಲ್ಲಿ ಕೆಲವರು ಮಾತ್ರ ಉಳಿದರು.

ಭಿನ್ನ ಜಾತಿ, ಭಿನ್ನ ಭಾಷೆ, ಭಿನ್ನ ಮತಗಳವರು ಒಂದೇ ಕೆಲಸದಲ್ಲಿ ಕೈಗೂಡಿಸುವುದು ಇಂದು ಹೊಸದಲ್ಲ. ಕಾರ್ಖಾನೆಯಲ್ಲಿ, ಆಸ್ಪತ್ರೆಯಲ್ಲಿ, ಶಾಲೆಯಲ್ಲಿ, ಹಾಲಿನ ಡೈರಿಯಲ್ಲಿ, ನಮ್ಮ ತೋಟ ಗದ್ದೆಗಳಲ್ಲಿ ನಿತ್ಯವೂ ನಡೆಯುತ್ತಿರುವುದು ಇದೇ. ಆದರೆ ಕೂಡಿ ದುಡಿದ ಮಾತ್ರಕ್ಕೆ ಅವರು ಪರಸ್ಪರ ನಮ್ಮವರಾಗುತ್ತಾರೆಯೇ? ಆಗುವುದಿಲ್ಲವಾದರೆ ಕೊರತೆ ಎಲ್ಲಿದೆ? ಬೀಚನಹಳ್ಳಿಯ ಹಿನ್ನೀರಿನ ದಂಡೆಯನ್ನೇ ಹಿಡಿದು ಹೊರಟು ಈ ಪ್ರಶ್ನೆಯನ್ನು ವಿಚಾರಿಸಿ ನೋಡೋಣವೆಂದು ನಮ್ಮ ಆಶಯ.

ಖೆಡ್ಡಾ ಕಲಿಸುವ ಪಾಠ

ಹಿನ್ನೀರಿನ ಆಚೆಗೆ ಕಾಕನಕೋಟೆಯ ಕಾಡು. ಮೈಸೂರು ಸಂಸ್ಥಾನದ ಕಾಲದಲ್ಲಿ ಕಾಡಾನೆಗಳ ಹಿಂಡನ್ನು ಅಟ್ಟಿ ಹಿಡಿಯುವ ಖೆಡ್ಡಾ ಕಾರ್ಯಾಚರಣೆಗೆ ಈ ಕಾಡು ಜಗತ್ಪ್ರಸಿದ್ಧವಾಗಿತ್ತು. ವೈಸರಾಯರೂ ರಾಜಮನೆತನಗಳವರೂ ಅಟ್ಟಣೆಯ ಮೇಲೆ ಕುಳಿತು ಅದನ್ನು ನೋಡಿ ಬೆರಗಾಗುತ್ತಿದ್ದರು. ಕೊನೆಯ ಖೆಡ್ಡಾ ನಡೆದದ್ದು ೧೯೭೧ರಲ್ಲಿ. ಖೆಡ್ಡಾದ ನೆಲದ ಬಹುಭಾಗ ಆಮೇಲೆ ಕಬಿನಿಯ ನೀರಿನೊಳಗೆ ಸೇರಿತು.

ಅಟ್ಟಣೆಯ ಮೇಲಿನವರಿಗೆ ಕಾಣುತ್ತಿದ್ದುದು ಕೊನೆಯ ಕೆಲವು ಗಂಟೆಗಳ ರೋಮಾಂಚನ ಮಾತ್ರ. ಅದಕ್ಕೆ ಮುನ್ನ ವಾರಗಟ್ಟಲೆ ಕಾಡಿನೊಳಗೆ ಹೆಜ್ಜೆಯ ಗುರುತು ನೋಡಿ, ಲದ್ದಿಯನ್ನು ಮುಟ್ಟಿ ನೋಡಿ, ಹಿಂಡು ಎಲ್ಲಿದೆ, ಎಷ್ಟು ಮರಿಗಳಿವೆ, ಗಾಳಿ ಯಾವ ಕಡೆಗಿದೆ ಎಂದು ಹೇಳಬಲ್ಲವರು ಜೇನುಕುರುಬರು, ಕಾಡುಕುರುಬರು. ತಮಟೆ ಬಾರಿಸಿ, ಬೆಂಕಿ ಹಚ್ಚಿ ಹಿಂಡನ್ನು ಹೊಳೆಯತ್ತ ಅಟ್ಟುವವರೂ ಅವರೇ. ಪಳಗಿದ ಆನೆಗಳ ಮೇಲೆ ಕುಳಿತು ಹಗ್ಗ ಹಾಕಲು ಮಾವುತರು. ಮರದ ಕೋಟೆ ಕಟ್ಟಲು ಬಡಗಿಗಳು. ಇವರೆಲ್ಲರ ಮೇಲೆ ಅಧಿಕಾರಿಗಳು. ಇಷ್ಟೊಂದು ಬಗೆಯ ಜನರ ಕೌಶಲ ಒಂದೇ ಗಳಿಗೆಯಲ್ಲಿ ಕೂಡಿದರಷ್ಟೇ ಕಾರ್ಯ ಸಿದ್ಧಿ. ಒಬ್ಬನು ತಪ್ಪಿದರೂ ಪ್ರಾಣಹಾನಿ.

ಸಂಘಟನೆಯ ದೃಷ್ಟಿಯಿಂದ ಇದು ಅಸಾಮಾನ್ಯ ಸಾಧನೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕೆಲಸ ಮುಗಿದ ಮೇಲೆ ಆ ಕಾಡಿನ ಮಕ್ಕಳ ಸ್ಥಾನ ಎಲ್ಲಿ ಉಳಿಯಿತು? ನಾಗರಹೊಳೆ ೧೯೫೫ರಲ್ಲಿ ಅಭಯಾರಣ್ಯವಾಯಿತು, ೧೯೮೮ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, ೧೯೯೯ರಲ್ಲಿ ಹುಲಿ ಯೋಜನೆಗೆ ಸೇರಿತು. ಈ ಅವಧಿಯಲ್ಲಿ ಅನೇಕ ಹಾಡಿಗಳು ಕಾಡಿನಿಂದ ಹೊರಬಂದವು; ಹೊರಬಂದವರಲ್ಲಿ ಎಷ್ಟೋ ಮಂದಿ ಕೊಡಗಿನ ಕಾಫಿ ತೋಟಗಳಲ್ಲಿ ಕೂಲಿಗಳಾದರು. ಕಾಡಿನವರ ಹಕ್ಕನ್ನು ಕಾನೂನು ಮಾನ್ಯಮಾಡಿದ್ದು ೨೦೦೬ರಲ್ಲಿ. ಕರ್ನಾಟಕದಲ್ಲಿ ವಿಶೇಷವಾಗಿ ದುರ್ಬಲವೆಂದು ಸರ್ಕಾರ ಗುರುತಿಸಿರುವ ಬುಡಕಟ್ಟುಗಳು ಎರಡೇ. ಒಂದು ಕೊರಗರದು, ಮತ್ತೊಂದು ಇದೇ ಜೇನುಕುರುಬರದು. ವನ್ಯಜೀವಿಗಳ ರಕ್ಷಣೆ ಅಗತ್ಯ. ಅದನ್ನು ನಾವು ಅಲ್ಲಗಳೆಯುತ್ತಿಲ್ಲ. ನಾವು ಕೇಳುವುದಿಷ್ಟೇ: ಯಾರ ಕಣ್ಣೂ ಕಿವಿಯೂ ಇಲ್ಲದೆ ಕೆಲಸ ಒಂದು ಹೆಜ್ಜೆ ಸಾಗುತ್ತಿರಲಿಲ್ಲವೋ, ತೀರ್ಮಾನ ಮಾಡುವ ಹೊತ್ತಿನಲ್ಲಿ ಅವರ ಮಾತನ್ನು ಕೇಳುವವರು ಏಕಿರಲಿಲ್ಲ? ದುಡಿಮೆಗೆ ಕರೆದು ವಿಚಾರಕ್ಕೆ ಕರೆಯದಿದ್ದರೆ ಅದು ಕೂಟವಲ್ಲ, ಉಪಯೋಗ.

ಬಳ್ಳೆಯಿಂದ ಅರಮನೆಗೆ

ಅದೇ ಕಾಡಿನಲ್ಲಿ, ಮೈಸೂರಿನಿಂದ ಮಾನಂದವಾಡಿಗೆ ಹೋಗುವ ದಾರಿಯಲ್ಲಿ, ಬಳ್ಳೆ ಆನೆ ಶಿಬಿರವಿದೆ. ೧೯೬೮ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಸೆರೆಸಿಕ್ಕ ಅರ್ಜುನ ಎಂಬ ಆನೆ ಬೆಳೆದು ಬಾಳಿದ್ದು ಇಲ್ಲಿ. ಪ್ರತಿ ವರ್ಷ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ಗಜಪಯಣ ಹೊರಡುವುದನ್ನೂ, ವಿಜಯದಶಮಿಯ ದಿನ ೭೫೦ ಕಿಲೋ ತೂಕದ ಚಿನ್ನದ ಅಂಬಾರಿಯಲ್ಲಿ ಚಾಮುಂಡೇಶ್ವರಿಯನ್ನು ಹೊತ್ತ ಆನೆ ಅರಮನೆಯಿಂದ ಬನ್ನಿಮಂಟಪದ ಕಡೆಗೆ ಸಾಗುವುದನ್ನೂ ನಮ್ಮ ವಾಚಕರಲ್ಲಿ ನೋಡದವರು ವಿರಳ. ಆ ಆನೆಯ ಸುತ್ತ ಎಷ್ಟು ಬಗೆಯ ಜನರು ಸೇರಿದ್ದಾರೆಂಬುದನ್ನು ಮಾತ್ರ ನಾವು ಗಮನಿಸಿರುವುದು ಕಡಿಮೆ.

ಆನೆಯ ಕುತ್ತಿಗೆಯ ಮೇಲೆ ಮಾವುತ. ಅವನಿಗೆ ನೆರವಾಗಿ ಕಾವಾಡಿ. ಇವರಲ್ಲಿ ಜೇನುಕುರುಬರು ಬಹಳ ಮಂದಿ. ಮುಸಲ್ಮಾನ ಮನೆತನಗಳಿಂದ ಬಂದವರೂ ಈ ವೃತ್ತಿಯಲ್ಲಿ ಹೆಸರು ಮಾಡಿದ್ದಾರೆ. ಆರೋಗ್ಯ ನೋಡಲು ಪಶುವೈದ್ಯರು, ಹೊಣೆ ಹೊರಲು ಅರಣ್ಯಾಧಿಕಾರಿಗಳು, ಪೂಜೆಗೆ ಪುರೋಹಿತರು, ದಾರಿ ಬಿಡಿಸಲು ಪೊಲೀಸರು, ಅಂಬಾರಿಯ ಅಡಿಗೆ ನಮ್ದಾ ಗಾದಿಗಳನ್ನು ಹಾಸಿ ಹಗ್ಗ ಬಿಗಿಯುವ ಕುಶಲಿಗಳು, ಆನೆಯ ಮೈಮೇಲೆ ಬಣ್ಣದ ಚಿತ್ತಾರ ಬರೆಯುವ ಕಲಾವಿದರು. ಭತ್ತವನ್ನೂ ಬೆಲ್ಲವನ್ನೂ ಹುಲ್ಲಿನಲ್ಲಿ ಸುತ್ತಿ ಕುಸುರೆ ಕಟ್ಟಿ ಆನೆಯ ಬಾಯಿಗಿಡುವ ಕೈ ಒಬ್ಬನದು. ತೂಕದ ಲೆಕ್ಕ ಬರೆದುಕೊಳ್ಳುವ ಕೈ ಇನ್ನೊಬ್ಬನದು. ಮರಳಿನ ಮೂಟೆ ಹೊರಿಸಿ, ಆಮೇಲೆ ಮರದ ಅಂಬಾರಿ ಹೊರಿಸಿ, ಫಿರಂಗಿಯ ಸದ್ದಿಗೆ ಒಗ್ಗಿಸಿ, ದಿನದಿನಕ್ಕೆ ತಾಲೀಮು ನಡೆಯುತ್ತದೆ. ಆನೆಗೆ ಹೇಳುವ ಮಾತುಗಳಲ್ಲಿ ಕನ್ನಡವೂ ಇದೆ, ಉರ್ದುವೂ ಇದೆ. ಖೆಡ್ಡಾ, ಮಾವುತ ಎಂಬ ಶಬ್ದಗಳೇ ಉತ್ತರದಿಂದ ನಮ್ಮಲ್ಲಿಗೆ ಬಂದು ನೆಲೆನಿಂತವು.

ಈ ಕೂಟದಲ್ಲಿ ನಮ್ಮ ಗಮನ ಸೆಳೆಯುವ ಸಂಗತಿಗಳು ಮೂರು. ಮೊದಲನೆಯದು, ಮಾವುತ ಕಾವಾಡಿಗಳು ಒಂಟಿಯಾಗಿ ಬರುವುದಿಲ್ಲ. ಹೆಂಡತಿ ಮಕ್ಕಳೊಡನೆ ಬಂದು ಅರಮನೆಯ ಆವರಣದಲ್ಲಿ ಬಿಡಾರ ಹೂಡುತ್ತಾರೆ. ಅವರ ಮಕ್ಕಳ ಓದು ಕೆಡಬಾರದೆಂದು ಅಲ್ಲಿಯೇ ಟೆಂಟ್ ಶಾಲೆ ನಡೆಯುತ್ತದೆ. ದುಡಿಯುವ ಕೈಯನ್ನು ಮಾತ್ರ ಕರೆಯದೆ ಆ ಕೈಯನ್ನು ನಂಬಿದ ಕುಟುಂಬವನ್ನೂ ಬರಮಾಡಿಕೊಳ್ಳುವುದು ಸಣ್ಣ ಮಾತಲ್ಲ. ಎರಡನೆಯದು, ಆ ಕುಟುಂಬಗಳನ್ನು ಕೂರಿಸಿ ಉಪಾಹಾರ ಬಡಿಸುವ ಪದ್ಧತಿ. ಸಚಿವರೂ ಅಧಿಕಾರಿಗಳೂ ಅಂದು ಬಡಿಸುವ ಸಾಲಿನಲ್ಲಿ ನಿಲ್ಲುತ್ತಾರೆ. ವರ್ಷಕ್ಕೊಂದು ದಿನದ ಈ ಗೌರವ ಉಳಿದ ದಿನಗಳ ಕೊರತೆಯನ್ನು ತುಂಬುವುದಿಲ್ಲವೆಂದು ಯಾರಾದರೂ ಹೇಳಿದರೆ ನಾವು ಒಪ್ಪುತ್ತೇವೆ. ಆದರೂ ಬಡಿಸುವವನು ಬಾಗಲೇಬೇಕು ಎಂಬುದೊಂದು ಪಾಠ ಅಲ್ಲಿದೆ.

ಮೂರನೆಯದೇ ಮುಖ್ಯವಾದದ್ದು. ೨೦೨೪ರ ಸೆಪ್ಟೆಂಬರಿನಲ್ಲಿ ಒಂದು ರಾತ್ರಿ ಅರಮನೆಯ ಆವರಣದಲ್ಲಿ ಧನಂಜಯ, ಕಂಜನ್ ಎಂಬ ಎರಡು ಆನೆಗಳು ಕಾದಾಡಿ, ಒಂದನ್ನೊಂದು ಅಟ್ಟಿಕೊಂಡು ಹೊರಗಿನ ರಸ್ತೆಗೇ ಬಂದವು. ಜನ ದಿಕ್ಕುಗೆಟ್ಟು ಓಡಿದರು. ಆ ಗಳಿಗೆಯಲ್ಲಿ ಊರನ್ನು ಕಾಯ್ದದ್ದು ಯಾರ ಹುದ್ದೆಯೂ ಅಲ್ಲ. ಅಟ್ಟಿಹೋದ ಆನೆಯ ಮೇಲಿಂದ ಇಳಿಯದೆ ಕುಳಿತ ಮಾವುತನ ಧೈರ್ಯ ಮತ್ತು ಅವನ ದನಿಯನ್ನು ಆ ಪ್ರಾಣಿ ಬಲ್ಲದೆಂಬ ಸಂಬಂಧ. ಅಂತಹ ಹೊತ್ತಿನಲ್ಲಿ ಎಷ್ಟೇ ಹಿರಿಯ ಅಧಿಕಾರಿಯಾದರೂ ಮಾವುತನ ಮಾತಿಗೆ ಕಾಯಬೇಕು. ಯಾವ ಕೂಟದಲ್ಲಿ ಬಲ್ಲವನ ಮಾತಿಗೆ, ಅವನು ಎಷ್ಟೇ ಕೆಳಗಿನ ಮೆಟ್ಟಿಲಲ್ಲಿರಲಿ, ಉಳಿದವರು ಕಿವಿಗೊಡುತ್ತಾರೋ ಆ ಕೂಟ ಉಳಿಯುತ್ತದೆ.

ಅರ್ಜುನನ ಬಾಳೂ ಇದನ್ನೇ ಹೇಳುತ್ತದೆ. ೧೯೯೬ರಲ್ಲಿ ಒಬ್ಬ ಮಾವುತನ ಸಾವಿಗೆ ಕಾರಣವೆಂಬ ಅಪವಾದ ಹೊತ್ತು ಅದು ಕೆಲಕಾಲ ದಸರೆಯಿಂದ ದೂರ ಉಳಿಯಬೇಕಾಯಿತು. ಅದನ್ನು ಕೈಬಿಡದೆ ನಿತ್ಯ ಮೀಯಿಸಿ, ಉಣಿಸಿ, ಮತ್ತೆ ನಂಬಿಕೆಗೆ ತಂದವರು ಬಳ್ಳೆಯ ಮಾವುತ ಕಾವಾಡಿಗಳು. ಮುಂದೆ ೨೦೧೨ರಿಂದ ೨೦೧೯ರವರೆಗೆ ಎಂಟು ವರ್ಷ ಅದೇ ಆನೆ ಅಂಬಾರಿ ಹೊತ್ತಿತು. ೨೦೨೩ರ ಡಿಸೆಂಬರ್ ೪ರಂದು ಹಾಸನ ಜಿಲ್ಲೆಯ ಯಸಳೂರು ಬಳಿಯ ಕಾಡಿನಲ್ಲಿ ಕಾಡಾನೆಯನ್ನು ಹಿಡಿಯುವ ಕಾರ್ಯಾಚರಣೆಯಲ್ಲಿ ಅದು ಹೋರಾಡುತ್ತ ಮಡಿದಾಗ, ಅದರ ದೇಹವನ್ನು ತಬ್ಬಿ ಅತ್ತ ಮಾವುತನ ಚಿತ್ರ ನಾಡಿಗೆ ನಾಡನ್ನೇ ಕಲಕಿತು. ತಪ್ಪಿದವರನ್ನು ಹೊರದೂಡದೆ ತಿದ್ದಿ ಸೇರಿಸಿಕೊಳ್ಳುವುದು, ಇಲ್ಲವಾದಾಗ ಎದೆತುಂಬಿ ಅಳುವುದು. ನಮ್ಮವರೆಂಬ ಭಾವಕ್ಕೆ ಇದಕ್ಕಿಂತ ಬೇರೆ ಕುರುಹು ಬೇಕೇ?

ಬೀಚನಹಳ್ಳಿಗೆ ಸಮೀಪದ ಸರಗೂರಿನ ನಿದರ್ಶನವನ್ನೂ ಇಲ್ಲಿ ನೆನೆಯಬೇಕು. ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳಾಗಿದ್ದ ಡಾ. ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು ೧೯೮೪ರಲ್ಲಿ ಆರಂಭಿಸಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಈ ತಾಲ್ಲೂಕಿನ ಹಾಡಿಗಳನ್ನೇ ಕಾರ್ಯಕ್ಷೇತ್ರವಾಗಿ ಆರಿಸಿಕೊಂಡಿತು. ಕೆಂಚನಹಳ್ಳಿಯಲ್ಲಿ, ಸರಗೂರಿನಲ್ಲಿ ಆಸ್ಪತ್ರೆಗಳು, ಹೊಸಹಳ್ಳಿಯಲ್ಲಿ ಗಿರಿಜನ ಮಕ್ಕಳ ಶಾಲೆ ನೆಲೆಗೊಂಡವು. ಇಂತಹ ಎಡೆಗಳಲ್ಲಿ ವೈದ್ಯನ ಪದವಿಯೊಂದೇ ಸಾಲದು. ಹಾಡಿಯ ಬಾಣಂತಿ ಆಸ್ಪತ್ರೆಗೆ ಏಕೆ ಅಂಜುತ್ತಾಳೆ, ಮಗುವನ್ನು ಯಾರ ಕೈಗೆ ಕೊಟ್ಟರೆ ಅವಳಿಗೆ ಧೈರ್ಯ ಬರುತ್ತದೆ ಎಂಬುದನ್ನು ಬಲ್ಲವಳು ಅದೇ ಹಾಡಿಯ ಹೆಣ್ಣುಮಗಳು. ಅವಳಿಂದ ಕಲಿಯಲು ಸಿದ್ಧನಾದ ವೈದ್ಯನಿಗೆ ಮಾತ್ರ ಅಲ್ಲಿ ಬಾಗಿಲು ತೆರೆಯುತ್ತದೆ. ಕರುಣೆಯೆಂದರೆ ಮೇಲಿಂದ ಕೆಳಗೆ ಸುರಿಯುವುದು ಎಂದು ನಾವು ತಿಳಿದಿರುವುದು ಅರ್ಧಸತ್ಯ. ಇನ್ನೊಬ್ಬನಿಂದ ಕಲಿಯಲು ಒಪ್ಪುವುದೂ ಕರುಣೆಯೇ.

ಕಲ್ಯಾಣದ ಕೂಟ

ಈ ಮಾತು ಶರಣ ಬಂಧುಗಳಿಗೆ ಹೊಸದಾಗಿ ಕೇಳಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ನೆರೆದ ಶರಣರ ಕೂಟವನ್ನು ನೆನೆದರೆ ಸಾಕು. ಬಟ್ಟೆ ಮಡಿಮಾಡುವ ಮಾಚಿದೇವರು, ದೋಣಿ ನಡೆಸುವ ಚೌಡಯ್ಯನವರು, ಹಗ್ಗ ಹೊಸೆಯುವ ನುಲಿಯ ಚಂದಯ್ಯನವರು, ಬಿದಿರು ಹೆಣೆಯುವ ಮೇದಾರ ಕೇತಯ್ಯನವರು, ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಮಾರಯ್ಯನವರು, ಅರಮನೆಯ ಭಂಡಾರದ ಹೊಣೆ ಹೊತ್ತ ಬಸವಣ್ಣನವರು, ಇವರೆಲ್ಲರೂ ಒಂದೆಡೆ ಕುಳಿತರು.

ಇಲ್ಲಿ ಎರಡು ಅಂಶಗಳು ವಿಚಾರಾರ್ಹ. ಆ ಕೂಟದಲ್ಲಿ ಯಾರೂ ತನ್ನ ಕಸುಬನ್ನು ಅಡಗಿಸಿಕೊಂಡು ಒಳಗೆ ಬರಬೇಕಾಗಿರಲಿಲ್ಲ. ಚೌಡಯ್ಯನವರು ತಮ್ಮ ವಚನಗಳಿಗೆ ಇಟ್ಟುಕೊಂಡ ಅಂಕಿತವೇ ಅಂಬಿಗ ಚೌಡಯ್ಯ ಎಂಬುದು. ತನ್ನ ಹುಟ್ಟನ್ನೂ ಹರಿಗೋಲನ್ನೂ ಕೈಬಿಡದೆಯೇ ಅವರು ಶರಣರಾದರು. ಭಿನ್ನತೆಯನ್ನು ಅಳಿಸಿ ಒಂದು ಮಾಡುವುದು ಸುಲಭ. ಭಿನ್ನತೆಯನ್ನು ಗೌರವಿಸಿ ಒಂದಾಗುವುದು ಕಠಿಣ. ಎರಡನೆಯದಾಗಿ, ಅಲ್ಲಿ ತಿದ್ದುವ ಅಧಿಕಾರ ಎಲ್ಲರಿಗೂ ಇತ್ತು. ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಪತಿ ತಂದಾಗ, ಅದನ್ನು ತಂದಲ್ಲಿಗೇ ಸುರಿದು ಬರುವಂತೆ ಹೇಳಿದವರು ಲಕ್ಕಮ್ಮನವರು. ಬಡವಿಯ ಆ ಮಾತಿಗೆ ಕೂಟ ತಲೆಬಾಗಿತು.

ನಮ್ಮವರೆಂದು ಅಪ್ಪಿಕೊಳ್ಳುವುದಕ್ಕೆ ಬೆಲೆ ತೆರಬೇಕಾಗುತ್ತದೆಂಬುದನ್ನೂ ಕಲ್ಯಾಣ ತೋರಿಸಿಕೊಟ್ಟಿತು. ಹರಳಯ್ಯನವರ ಮನೆಗೂ ಮಧುವರಸರ ಮನೆಗೂ ಬೀಗತನ ಬೆಳೆದಾಗ, ಇಬ್ಬರೂ ಹಿರಿಯರು ಎಳೆಹೂಟೆಯ ಶಿಕ್ಷೆಗೆ ಗುರಿಯಾದರೆಂದು ಪರಂಪರೆ ಹೇಳುತ್ತದೆ. ಬರಿಯ ಉಪನ್ಯಾಸದಿಂದ ಬೆಳೆದ ಧರ್ಮ ನಮ್ಮದಲ್ಲ. ತುಮಕೂರಿನ ಸಿದ್ಧಗಂಗೆಯಲ್ಲಿ ಡಾ. ಶಿವಕುಮಾರ ಮಹಾಸ್ವಾಮಿಗಳು ೨೦೧೯ರ ಜನವರಿಯಲ್ಲಿ ಲಿಂಗೈಕ್ಯರಾಗುವವರೆಗೂ ಸಾವಿರಾರು ಮಕ್ಕಳನ್ನು ಜಾತಿಮತಗಳ ಭೇದವಿಲ್ಲದೆ ಒಂದೇ ಪಂಕ್ತಿಯಲ್ಲಿ ಕೂರಿಸಿ ಉಣಿಸಿದರು. ಇದೇ ಕಪಿಲೆಯ ದಂಡೆಯ ಸುತ್ತೂರಿನಿಂದ ಹೊರಟು, ೧೯೫೪ರಲ್ಲಿ ಜೆ.ಎಸ್.ಎಸ್. ಮಹಾವಿದ್ಯಾಪೀಠವನ್ನು ಕಟ್ಟಿದ ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳೂ ಅನ್ನ ಮತ್ತು ಅಕ್ಷರಗಳನ್ನು ಜೊತೆಜೊತೆಗೆ ಬಡಿಸಿದವರು.

ಜಗಲಿಯ ಲೋಟ

ಮಠಗಳಲ್ಲಿ ಪಂಕ್ತಿ ಒಂದಾಯಿತು. ನಮ್ಮ ಮನೆಗಳಲ್ಲಿ?

ನಮ್ಮ ಬಾಲ್ಯದ ಮನೆಯ ಜಗಲಿಯ ಗೂಡಿನಲ್ಲಿ ಒಂದು ಲೋಟ ಬೋರಲು ಬಿದ್ದಿರುತ್ತಿತ್ತು. ಅದು ನಮ್ಮ ಮನೆಯ ದನಗಳನ್ನೂ ಗದ್ದೆಯನ್ನೂ ನೋಡಿಕೊಳ್ಳುತ್ತಿದ್ದ ಹಿರಿಯನೊಬ್ಬನದು. ಕಾಫಿ ಕುಡಿದು, ತಾನೇ ತೊಳೆದು, ತಾನೇ ಅಲ್ಲಿಡಬೇಕು. ನಮಗಿಂತ ನಲವತ್ತು ವರ್ಷ ದೊಡ್ಡವನು ನಮ್ಮನ್ನು "ಬುದ್ಧಿ" ಎಂದು ಬಹುವಚನದಲ್ಲಿ ಕರೆಯುತ್ತಿದ್ದನು. ಹತ್ತು ವರ್ಷದ ನಾವು ಅವನನ್ನು ಏಕವಚನದಲ್ಲಿ ಕೂಗುತ್ತಿದ್ದೆವು. ಯಾವ ಹಸು ಯಾವಾಗ ಕರು ಹಾಕುತ್ತದೆ, ಯಾವ ತೆವರಿಯಲ್ಲಿ ನೀರು ಸೋರುತ್ತದೆ ಎಂಬುದು ಅವನಿಗಲ್ಲದೆ ನಮ್ಮ ತಂದೆಯವರಿಗೂ ತಿಳಿದಿರಲಿಲ್ಲ. ಅದೇ ಜಗಲಿಯ ಮೇಲೆ ಬಸವ ಜಯಂತಿಯಂದು ಪೂಜೆಯಾಗುತ್ತಿತ್ತು, ಸಮಾನತೆಯ ಭಾಷಣವಾಗುತ್ತಿತ್ತು. ಅವನು ಅಂಗಳದಲ್ಲಿ ನಿಂತು ಕೇಳುತ್ತಿದ್ದನು.

ಅವನು ತೀರಿಕೊಂಡ ದಿನ ಅವನ ಮಕ್ಕಳಿಗೆ ಹೇಳಿಕಳುಹಿಸಬೇಕಾಯಿತು. ಮನೆಯವರು ಒಬ್ಬರ ಮುಖವನ್ನೊಬ್ಬರು ನೋಡಿದೆವು. ಆ ಮಕ್ಕಳು ಎಲ್ಲಿದ್ದಾರೆ, ಅವರ ಹೆಸರೇನು ಎಂಬುದು ನಮ್ಮಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. ಮೂವತ್ತು ವರ್ಷ ನಮ್ಮ ಮನೆಯಲ್ಲಿ ದುಡಿದವನು! ಮಾರನೆಯ ದಿನ ನಮ್ಮ ತಾಯಿಯವರು ಆ ಲೋಟವನ್ನು ಒಳಗೆ ತಂದು, ಮನೆಯ ಉಳಿದ ಲೋಟಗಳ ಜೊತೆಗೆ ಇಟ್ಟರು. ಏನೂ ಮಾತನಾಡಲಿಲ್ಲ. ಆದರೆ ಅಷ್ಟು ಹೊತ್ತಿಗೆ ತಡವಾಗಿಹೋಗಿತ್ತು. ಇದನ್ನು ಇಲ್ಲಿ ಬರೆಯುವುದಕ್ಕೆ ನಮಗೆ ಸಂಕೋಚವಿಲ್ಲದಿಲ್ಲ. ಓದುವವರಲ್ಲಿ ಕೆಲವರಿಗಾದರೂ ತಮ್ಮ ಮನೆಯ ಜಗಲಿ ನೆನಪಾದರೆ ಬರೆದದ್ದು ಸಾರ್ಥಕ.

ಇಂದು ಆ ಲೋಟ ಎಷ್ಟೋ ಮನೆಗಳಿಂದ ಮರೆಯಾಗಿದೆ. ಆದರೆ ಅದು ಬೇರೆ ರೂಪಗಳಲ್ಲಿ ಉಳಿದಿದೆ. ಕಚೇರಿಯಲ್ಲಿ ಎಲ್ಲರೂ ಊಟಕ್ಕೆ ಕುಳಿತಾಗ ಕಸಗುಡಿಸುವ ತಾಯಿ ಮೆಟ್ಟಿಲ ಮೇಲೆ ಕುಳಿತು ಉಣ್ಣುವುದರಲ್ಲಿದೆ. ಸಭೆಯಲ್ಲಿ ಕಿರಿಯ ನೌಕರ ಹೇಳಿದ ಸಲಹೆಯನ್ನು ಹಿರಿಯ ತನ್ನದೆಂದು ಹೇಳಿಕೊಳ್ಳುವುದರಲ್ಲಿದೆ. ಕಟ್ಟಡದ ಕೆಲಸಕ್ಕೆ ಬಿಹಾರದಿಂದಲೋ ಒಡಿಶಾದಿಂದಲೋ ಬಂದ ತರುಣನಿಗೆ ಹೆಸರೇ ಇಲ್ಲವೆಂಬಂತೆ "ಏಯ್" ಎಂದು ಕೂಗುವುದರಲ್ಲಿದೆ. ನಮ್ಮ ಮಕ್ಕಳೂ ಈಗ ಹೊರರಾಜ್ಯಗಳಲ್ಲಿ, ಹೊರದೇಶಗಳಲ್ಲಿ ದುಡಿಯುತ್ತಿದ್ದಾರೆ. ಅಲ್ಲಿ ಅವರೇ ಬೇರೆ ಭಾಷೆಯವರು, ಬೇರೆ ಊಟದವರು. ತಮ್ಮ ಹೆಸರನ್ನು ಸರಿಯಾಗಿ ಉಚ್ಚರಿಸುವ ಒಬ್ಬ ಸಹೋದ್ಯೋಗಿ ಸಿಕ್ಕನೆಂದು ಮಗ ದೂರವಾಣಿಯಲ್ಲಿ ಹೇಳಿದರೆ ತಾಯಿಯ ಮನಸ್ಸು ತಂಪಾಗುತ್ತದೆ. ನಮ್ಮ ಗದ್ದೆಗೆ ಬಂದವರಿಗೂ ಊರಿನಲ್ಲಿ ಕಾದಿರುವ ತಾಯಿಯೊಬ್ಬಳು ಇದ್ದಾಳೆ.

ನಾವು ಮಾಡಬಹುದಾದದ್ದು

ಇದಕ್ಕೆ ದೊಡ್ಡ ಯೋಜನೆಗಳು ಬೇಕಿಲ್ಲ. ಜೊತೆಗೆ ದುಡಿಯುವವರ ಹೆಸರನ್ನೂ ಅವರ ಮನೆಯವರ ಹೆಸರನ್ನೂ ಅರಿತಿರಬೇಕು. ವಯಸ್ಸಿನಲ್ಲಿ ಹಿರಿಯರನ್ನು ಅಣ್ಣ, ಅಕ್ಕ, ಅಜ್ಜ ಎಂದು ಕರೆಯುವುದನ್ನು ಮಕ್ಕಳಿಗೆ ಕಲಿಸಬೇಕು; ಯಾವ ಕಸುಬಿನವರಾದರೂ ಸರಿಯೆ. ಒಂದೇ ಪಾತ್ರೆಯಲ್ಲಿ ಬೆಂದದ್ದನ್ನು ಒಂದೇ ಸಾಲಿನಲ್ಲಿ ಕುಳಿತು ಉಣ್ಣಬೇಕು. ದಾಸೋಹವೆಂದು ನಾವು ಕರೆಯುವುದು ಇದನ್ನೇ ಅಲ್ಲವೇ? ಕೆಲಸವನ್ನು ಕೈಯಾರೆ ಮಾಡುವವನನ್ನು ತೀರ್ಮಾನಕ್ಕೆ ಮೊದಲು ಕೇಳಬೇಕು. ಅವನ ಮಾತಿನಿಂದ ಕಾರ್ಯ ಕೈಗೂಡಿದರೆ ನಾಲ್ವರ ಮುಂದೆ ಅವನ ಹೆಸರು ಹೇಳಬೇಕು. ತಪ್ಪಾದರೆ ಎಲ್ಲರೆದುರು ಹೀನೈಸದೆ ಬದಿಗೆ ಕರೆದು ತಿದ್ದಬೇಕು. ಬಾರದಿದ್ದ ದಿನ ಕೂಲಿ ಮುರಿದುಕೊಳ್ಳುವ ಮುನ್ನ ಏಕೆ ಬರಲಿಲ್ಲವೆಂದು ವಿಚಾರಿಸಬೇಕು. ಅವರ ಮನೆಯ ಸಾವಿಗೆ, ಮದುವೆಗೆ ನಾವು ಹೋಗಬೇಕು. ಹೋಗಿ ಅಲ್ಲಿ ಕೊಟ್ಟ ನೀರನ್ನು ಕುಡಿಯಬೇಕು. ಈ ಕೊನೆಯದು ಕೇಳಲು ಚಿಕ್ಕದು, ನಮ್ಮಲ್ಲಿ ಅನೇಕರಿಗೆ ಮಾಡಲು ದೊಡ್ಡದು.

ಈ ಸಾರಿ ಗಜಪಯಣ ನೋಡಲು ಹೋದಾಗಲೋ, ಬೀಚನಹಳ್ಳಿಯ ಏರಿಯ ಮೇಲೆ ಮಕ್ಕಳೊಡನೆ ಅಡ್ಡಾಡುವಾಗಲೋ, ನೀರನ್ನೂ ಆನೆಯನ್ನೂ ತೋರಿಸಿದ ಮೇಲೆ ಕಾವಾಡಿಯನ್ನು ತೋರಿಸಿ, ಗೇಟು ಎತ್ತುವ ನೌಕರನನ್ನು ತೋರಿಸಿ, ಅವರ ಹೆಸರನ್ನು ಕೇಳುವಂತೆ ಮಕ್ಕಳಿಗೆ ಹೇಳಿ. ಮನೆಗೆ ಮರಳಿದ ಮೇಲೆ ನಮ್ಮ ಜಗಲಿಯ ಗೂಡನ್ನು ಒಮ್ಮೆ ನೋಡಿಕೊಳ್ಳೋಣ. ಅಲ್ಲಿ ಲೋಟ ಇನ್ನೂ ಉಳಿದಿದ್ದರೆ, ಅದರ ಒಡೆಯ ಬದುಕಿರುವಾಗಲೇ ಅದನ್ನು ಒಳಗೆ ತರೋಣ.